ಹೊಲಿದ ಬಾಯಿ

ವಿರಾಜಪೇಟೆ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷ
ಪರರ ‘ನಾನು’ಗಳನ್ನು ಬಡಿದಿದ್ದೇನೆ.
ನಾನು ಜಾಗದಲ್ಲಿದ್ದೆ. ನಾನು ಕತ್ತಿ ನೋಡಿಲ್ಲ.
ನಾನು ಆರೋಪಿಯನ್ನು ಬಲ್ಲೆ.
ಕೋವಿ ಹಾರಿಸಿದವನು, ಬೇಲಿ ಸರಿಸಿದವನು,
ಜೀವನಾಂಶ ಕೇಳಿ ಬಂದವಳು
ಎಲ್ಲ ಈ ಹತ್ತು ಬೆರಳಿನಿಂದಲೇ ದಾಟಿದವರು.
ಸಂಜೆ ಯಂತ್ರಕ್ಕೆ ಮುಸುಕು ಹಾಕಿದ ಮೇಲೆ
ನಾನು ಬರೇ ಇನಾಸ್,
ಇಗರ್ಜಿಯಲ್ಲಿ ಎಡಗಡೆ, ಐದನೇ ಬೆಂಚು.

ಅಂದು ತಪಸ್ಸು ಕಾಲದ ಮೂರನೇ ಶುಕ್ರವಾರ.
ಹೂಮಳೆ ಇನ್ನೂ ಬಂದಿಲ್ಲವೆಂದು
ವಕೀಲರೆಲ್ಲ ಕಿಟಕಿಯತ್ತಲೇ ನೋಡುತ್ತಿದ್ದರು.
ಕಟಕಟೆಯಲ್ಲಿ ಎರವರ ತೋಲ,
ಯಾರೋ ಕೊಟ್ಟ ಉದ್ದ ತೋಳಿನ ಅಂಗಿಯೊಳಗೆ ಸಣ್ಣಗೆ.
ಕಣದಿಂದ ಒಳ್ಳೆಮೆಣಸು ಕದ್ದನಂತೆ;
ಚೀಲ ಅವನ ಲೈನ್‌ಮನೆಯ ಹಿಂದೆ ಸಿಕ್ಕಿತಂತೆ.
ಮುದ್ದೆಮಾಲು ನಂಬರ್ ಮೂರು: ಗೋಣಿ ಒಂದು,
ಬುಡ ಸೀಳಿದ್ದು, ಬಾಯಿ ಹೊಲಿದದ್ದು.

ನತಾಲಿನ್ ಬಾಯಿ ಪಂಚನಾಮೆಗೆ ಸಹಿ ಹಾಕಿದವಳು, ಅಷ್ಟೆ.
ಸಹಿ ನನ್ನದು ಎಂದು ಹೇಳಿ
ಬತ್ತೆ ತೆಗೆದುಕೊಂಡು ಹೋಗಬೇಕಾದವಳು.
ದೇವರ ಹೆಸರಿನಲ್ಲಿ ಎಂದಾಗ
ಬಲಗೈಯನ್ನು ಸೆರಗಿಗೆ ಒರೆಸಿಕೊಂಡಳು,
ಪ್ರಸಾದಕ್ಕೆ ಚಾಚುವ ಮೊದಲು ಒರೆಸಿಕೊಳ್ಳುವ ಹಾಗೆ.

ಪಾಟಿ ಸವಾಲಿಗೆ ಚೋಂದಮ್ಮ ವಕೀಲರು ಎದ್ದರು.
ಚೀಲ ತೋರಿಸಿ ಕೇಳಿದ್ದು ಒಂದೇ:
‘ಅಮ್ಮಾ, ಈ ಗಂಟುಗಳು ಯಾಕೆ?’

ಪಂಖ ನಿಂತಿತು. ಕರೆಂಟು ಹೋಗಿತ್ತು.
ಅವಳು ಗೋಣಿಯ ಮೇಲೆ ಬೆರಳಿಟ್ಟು ಎಣಿಸಿದಳು.
ಒಂದು, ಎರಡು, ತುಟಿ ಅಲುಗುತ್ತಿತ್ತು.
ಎಣಿಕೆಯಲ್ಲ ಅದು ಎಂದು
ಆ ಕೋಣೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು.
ಹತ್ತಕ್ಕೊಂದು ಗಂಟು.
ಹತ್ತು ನಮೋ ಮರಿಯಾ, ಒಂದು ಗಂಟು.

‘ಹೊಲಿದದ್ದು ಯಾರು?’

ಮೌನಕ್ಕೆ ನನ್ನ ಯಂತ್ರದಲ್ಲಿ ಕೀಲಿ ಇಲ್ಲ.
ನ್ಯಾಯಾಧೀಶರ ಪೆನ್ನು ಗಾಳಿಯಲ್ಲಿ,
ನನ್ನ ಕಿರುಬೆರಳು ‘ನ’ ಅಕ್ಷರದ ಮೇಲೆ,
ತೋಲನಿಗೆ ಏನೂ ತಿಳಿಯದೆ
ಅಂಗಿಯ ಗುಂಡಿ ಹಾಕಿ, ಬಿಚ್ಚಿ, ಹಾಕಿ.

ಆ ರಾತ್ರಿ ನಾನೂ ಕಂಡಿದ್ದೆ,
ಗೋಣಿಕೊಪ್ಪ ರಸ್ತೆಯ ತಿರುವಿನಲ್ಲಿ
ಬಸ್ತ್ಯಾಂವ್, ಅವಳ ತಮ್ಮ, ಬೆನ್ನ ಮೇಲೆ ಹೊರೆ.
ಮರುದಿನ ಭಾನುವಾರ ಅವನ ಪಕ್ಕದಲ್ಲೇ ನಿಂತು
ನಂಬುತ್ತೇನೆ, ನಂಬುತ್ತೇನೆ ಎಂದೆ.
ನನ್ನನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.
ಕರೆಯದಿದ್ದುದಕ್ಕೆ ಒಂದು ಮೇಣದಬತ್ತಿ ಹಚ್ಚಿದ್ದೆ.

‘ಗೋಣಿಯ ಬಾಯಿ ಹೊಲಿದವಳು ನಾನು,’ ಅಂದಳು.
‘ಗೋದಾಮಿನಲ್ಲಿ ಮಿಷನ್ ಹೊಲಿಯುತ್ತದೆ.
ಕೈಹೊಲಿಗೆ ಮನೆಯಲ್ಲಿ ಮಾತ್ರ.’
‘ಯಾರಿಗಾಗಿ?’
ಈ ಸಲ ತಡ ಮಾಡಲಿಲ್ಲ.
‘ನನ್ನ ತಮ್ಮನಿಗೆ. ಒಳಗೇನಿದೆ ಎಂದು ಕೇಳಲಿಲ್ಲ.
ಕೇಳಬೇಕಿತ್ತು.’

ಬಡಿದೆ. ನಾನು. ನನ್ನ. ಕೇಳಲಿಲ್ಲ.
ಕೊನೆಯ ಮಾತು ದಾಖಲೆಗೆ ಬೇಡ ಎಂದರು ಸರ್ಕಾರಿ ವಕೀಲರು.
ಅಷ್ಟರಲ್ಲಿ ಅದು ಕಾಗದದ ಮೇಲಿತ್ತು.
ಓದಿ ಕೇಳಿಸಲಾಯಿತು, ಸರಿ ಇದೆ.

ಐದೂವರೆಗೆ ಮೀನಿನ ಅಂಗಡಿಯಲ್ಲಿ ಸಿಕ್ಕಳು.
ಶುಕ್ರವಾರವಲ್ಲವೆ, ಮತ್ತಿ ಆರಿಸುತ್ತಿದ್ದಳು.
ಮೂರು ಮೀನು ಹೆಚ್ಚಿಗೆ ಹಾಕಿಸಿಕೊಂಡಳು,
‘ಪೊಲೀಸರು ಬರುವ ಮೊದಲು ಅವನು ಉಣ್ಣಲಿ.’
ಆಮೇಲೆ ದನಿ ತಗ್ಗಿಸಿ,
‘ಇನಾಸಣ್ಣ, ಹತ್ತಕ್ಕೊಂದು ಗಂಟು ಅಂತ ಬರೆದಿರಾ?
ನಿದ್ದೆ ಬಂದಾಗ ಹನ್ನೊಂದೂ ಆಗಿದೆ.
ತಪ್ಪಾಗುತ್ತದಾ?’

ಇಲ್ಲ ಎನ್ನಲು ಬಾಯಿ ತೆರೆದೆ.
ದಾರ ಎಷ್ಟು ಬಿಗಿಯಾಗಿತ್ತೆಂದರೆ
ಅಂಗಡಿಯವನು ತಕ್ಕಡಿ ಕೆಳಗಿಟ್ಟು
ಏನಾಯಿತು ಸಾರ್ ಎಂದ.